ದಿನಾ ಅಲ್ಲ, ಶನಿವಾರ ಸಾಕು

‘ದಿನಾ ಹದಿನೈದು ನಿಮಿಷ ವೆಬ್‌ಸೈಟಿಗೆ ಕೊಡಿ’ ಅಂತ ಲೇಖನದಲ್ಲಿ ಬರೆದಿದ್ದೀರಿ. ನನಗಂತೂ ದಿನಾ ಆಗಲಿಲ್ಲ. ಬೀದರ್‌ನಲ್ಲಿ ನಮ್ಮದು ಬಿದ್ರಿ ಸಾಮಾನಿನ ಸಣ್ಣ ಅಂಗಡಿ. ಸೈಟ್ ನೋಡಿಕೊಳ್ಳುವವನು ನಾನೇ. ಅಂದ್ರೆ, ನೋಡದೇ ಬಿಡುತ್ತಿದ್ದವನು!

ನಮ್ಮ ಉಚಿತ ಎಸ್‌ಎಸ್‌ಎಲ್ ಸರ್ಟಿಫಿಕೇಟಿಗೆ (ಸೈಟಿನ ಸಂಪರ್ಕ ಸುರಕ್ಷಿತ ಅಂತ ಬ್ರೌಸರಿಗೆ ತೋರಿಸುವ ಡಿಜಿಟಲ್ ಪತ್ರ) 90 ದಿನ ಅಷ್ಟೇ ಆಯಸ್ಸು. ಗೊತ್ತಿದ್ದೂ ನವೀಕರಿಸದೆ ನಾಳೆ ನಾಳೆ ಅಂದೆ. ದಸರಾ ಹೊತ್ತಿಗೇ ಗಿರಾಕಿಯೊಬ್ಬರ ಫೋನು: “ನಿಮ್ಮ ಸೈಟ್ ಸುರಕ್ಷಿತ ಇಲ್ಲ ಅಂತ ತೋರಸ್ಲಾಕತ್ತದ್ರಿ.” ಮುಖ ಎಲ್ಲಿಡಲಿ?

ಈಗ ಆ ಸರ್ಟಿಫಿಕೇಟ್ ತಾನಾಗಿಯೇ ನವೀಕರಣ ಆಗುವಂತೆ ಮಾಡಿದ್ದೇನೆ. ಮರೆಯುವವರಿಗೆ ಇದೇ ಒಳ್ಳೆಯದು ಅಲ್ವಾ? ಪ್ಲಗಿನ್ (ಸೈಟಿಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್) ಅಪ್‌ಡೇಟ್ ಶನಿವಾರ, ಅದೂ ಸೈಟಿನ ಬ್ಯಾಕಪ್ ಅಂದ್ರೆ ನಕಲು ತೆಗೆದ ಮೇಲೆ. ಅಣ್ಣ ಕೋಟೆಯ ಮಣ್ಣು, ನವಸಾಗರ ಕಲಸಿ ಹೂಜಿ ಕಪ್ಪು ಮಾಡಲು ಕೂತಾಗ ನಾನೂ ಲ್ಯಾಪ್‌ಟಾಪ್ ತೆರೆಯುತ್ತೇನೆ. ಸುಮ್ನೆ ಎದ್ದರೆ ಅವನು ಬೈತಾನೆ. ಹಳೇ ಫೋಟೊ ಬದಲಿಸುವುದು ಮಾತ್ರ ಇನ್ನೂ ಬಾಕಿ.