ಒತ್ತಕ್ಷರ ಲೋಗೋಗೆ ತಾಗ್ತಿದೆ ಸರ್

ಕನ್ನಡ ರಾಜ್ಯೋತ್ಸವ ನವೆಂಬರ್ 1ಕ್ಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು, ಬೆಂಗಳೂರಲ್ಲೇ ಇರೋ ನಮ್ಮ ಆ್ಯಡ್ ಏಜೆನ್ಸಿಗೆ ಮಾತ್ರ ಪ್ರತಿ ವರ್ಷ ಅಕ್ಟೋಬರ್ 31ರ ಸಂಜೆ ಏಳು ಗಂಟೆಗೆ ಗೊತ್ತಾಗುತ್ತೆ. ಬ್ಯಾಗ್ ಹೆಗಲಿಗೇರಿಸಿ ಲಿಫ್ಟ್ ಬಟನ್ ಒತ್ತಿರ್ತೀನಿ, ಕ್ಲೈಂಟ್ ಸರ್ವಿಸಿಂಗ್ ಹುಡುಗಿ ಓಡ್ಬಂದು "ಬ್ರೋ, ಒಂದೇ ಲೈನು, ಐದೇ ನಿಮಿಷ" ಅಂತಾಳೆ. ಆ ಒಂದು ಲೈನು ಮುಗಿಯೋದು ರಾತ್ರಿ ಒಂದಕ್ಕೆ. (ಪಿಜ್ಜಾ ತರಿಸ್ತಾರೆ ಪಾಪ. ಓವರ್‌ಟೈಮ್ ಕೇಳಿದ್ರೆ ನಾವೆಲ್ಲಾ ಒಂದೇ ಫ್ಯಾಮಿಲಿ ಅಂತಾರೆ, ನಮ್ಮನೇಲಿ ಯಾರೂ ನನ್ ಹತ್ರ ಟೈಮ್‌ಶೀಟ್ ಕೇಳಲ್ಲಪ್ಪ.)

ನನ್ನ ಡೆಸಿಗ್ನೇಷನ್ ಕಾಪಿರೈಟರ್ ಅಲ್ಲ, ಲ್ಯಾಂಗ್ವೇಜ್ ರಿಸೋರ್ಸ್. ಅಂದ್ರೆ ಐಡಿಯಾ ಇಂಗ್ಲಿಷಲ್ಲಿ ಹುಟ್ಟಿ, ಮುಂಬೈಲಿ ನಾಮಕರಣ ಆಗಿ, ಹಿಂದೀಲಿ ಇಸ್ಕೂಲು ಮುಗಿಸಿ, ಕೊನೆಗೆ ನಮ್ಮನೆ ಬಾಗಿಲಿಗೆ ಬಂದು ಅಡಾಪ್ಟ್ ಮಾಡ್ಕೊಳ್ಳಿ ಅಂತ ನಿಲ್ಲುತ್ತೆ.

ಹೋದ್ ಸಲ ಕ್ರಿಯೇಟಿವ್ ಡೈರೆಕ್ಟರು ಈ ಫೆಸ್ಟಿವಲ್ಲಿನ ಕಥೆ ಏನು ಅಂದ್ರು. 1956ರ ನವೆಂಬರ್ 1ಕ್ಕೆ ಕನ್ನಡ ಸೀಮೆ ಎಲ್ಲಾ ಒಂದಾಯ್ತು, ಹೆಸರು ಮೈಸೂರು ಅಂತಲೇ ಇತ್ತು, 1973ರಲ್ಲಿ ಕರ್ನಾಟಕ ಅಂತ ಮಾಡಿದ್ರು ಅಂದೆ. ಕಣ್ಣು ಅರಳ್ತು ಅವರಿಗೆ. "1973? ಸೂಪರ್! ರೆಟ್ರೋ ಲುಕ್, ಬೆಲ್ ಬಾಟಮ್ಮು!"

'ಕನ್ನಡ ರಾಜ್ಯೋತ್ಸವದ ಶುಭಾಶಯಗಳು' ಅಂತ ಟೈಪ್ ಮಾಡಿಕೊಟ್ಟೆ. ಡಿಸೈನ್ ಫೈಲಿಗೆ ಹೋಗಿದ್ದೇ ತಡ ಒತ್ತಕ್ಷರ ಎಲ್ಲಾ ಕಳಚಿ ಪಕ್ಕಕ್ಕೆ ಬಂದು ಕೂತ್ಕೊಂಡ್ವು. ಸೌತ್ ಏಷ್ಯನ್ ಟೈಪ್ ಸೆಟಿಂಗ್ ಆನ್ ಮಾಡ್ರೀ ಅಂದು ಕೂಡಿಸಿದೆ. ಆಮೇಲೆ ಆರ್ಟ್ ಡೈರೆಕ್ಟರು 'ತ್ಸ' ಝೂಮ್ ಮಾಡಿ, "ಈ ಕೆಳಗೆ ನೇತಾಡ್ತಿರೋದು ಕಂಪಲ್ಸರಿನಾ? ಲೋಗೋಗೆ ತಾಗ್ತಿದೆ" ಅಂದ್ರು. ಲೋಗೋ ಸರಿಸ್ಬೋದಲ್ವಾ ಸರ್ ಅಂದ್ರೆ ಮೀಟಿಂಗ್ ರೂಮೇ ಗಪ್‌ಚುಪ್. ಲೋಗೋಗೆ ಗೈಡ್‌ಲೈನ್ ಇದೆಯಂತೆ. ಕನ್ನಡಕ್ಕೂ ಇದೆ, ಕೇಶಿರಾಜ 13ನೇ ಶತಮಾನದಲ್ಲೇ ವ್ಯಾಕರಣ ಬರೆದಿಟ್ಟಿದ್ದಾನೆ ಅಂದೆ.

"ಅವರನ್ನೂ ಇಮೇಲಲ್ಲಿ ಲೂಪ್ ಮಾಡಿ."

ಇದೇ ಜನ 2024ರಲ್ಲಿ ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರ್ಬೇಕು ಅಂತ ಕಾನೂನು ಬಂದಾಗ ಒಬ್ಬ ಕ್ಲೈಂಟಿಗೆ ಅಂಗಡಿ ಹೆಸರನ್ನ ಚಪಾತಿ ಲಟ್ಟಿಸಿದಂಗೆ ಅಡ್ಡಡ್ಡ ಎಳೆದು ಲೆಕ್ಕ ಸರಿ ಮಾಡಿಕೊಟ್ಟಿದ್ರು, ಅದಕ್ಕೆ ಬಿಲ್ಲೂ ಹಾಕಿದ್ರು.

ಒಂದು ಗಂಟೆಗೆ ನಾನು ಹೊರಟೆ. ಬೆಳಗ್ಗೆ ಸರ್ಕಾರಿ ರಜಾ, ಆದ್ರೂ ಹಳದಿ ಕೆಂಪು ಬಟ್ಟೆ ಹಾಕ್ಕೊಂಡು ಫೋಟೋಗೆ ಬನ್ನಿ ಅಂತ ಮೆಸೇಜು. ಬಂದ್ರೆ ಗೇಟಲ್ಲಿ ಆಳೆತ್ತರದ ಸ್ಟ್ಯಾಂಡಿ. ಬಾವುಟದಲ್ಲಿ ಕೆಂಪು ಮೇಲೆ, ಹಳದಿ ಕೆಳಗೆ. ಲೋಗೋ ದೊಡ್ಡದಾಗಿದೆ, ನೇತಾಡ್ತಿದ್ದಿದ್ದೆಲ್ಲಾ ಹೋಗಿದೆ: 'ಕನಡ ರಾಜೋತವದ ಶುಭಾಶಯಗಳು'.

ಸೆಕ್ಯೂರಿಟಿ ಅಣ್ಣ ಅದನ್ನೇ ನೋಡ್ತಾ ನಿಂತಿದ್ರು.

"ಸಾರ್, ರಾಜೋತವ ಅಂದ್ರೆ ಹೊಸ ಕಂಪನಿನಾ?"

ಹತ್ತು ಗಂಟೆಗೆ ಎಲ್ರೂ ಫೋಟೋಗೆ ಇಳಿದು ಬರೋಷ್ಟರಲ್ಲಿ ಸ್ಟ್ಯಾಂಡಿ ಗೋಡೆ ಕಡೆ ಮುಖ ಮಾಡಿತ್ತು. ಗಾಳಿ ಸಾರ್ ಅಂದ್ರು ಅಣ್ಣ.