ಯೇಸು ಒಳ್ಳೆಯವನು ಎಂದು ಹೇಳಿ ಎದ್ದುಹೋಗುವ ನಾವು

ನಿನ್ನೆ ಮಂಗಳೂರಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಅಂತ್ಯಸಂಸ್ಕಾರಕ್ಕೆ ಹೋಗಿದ್ದೆ. ಇಗರ್ಜಿಯ, ಅಂದರೆ ಚರ್ಚಿನ, ಒಳಗೆ ಬಲಿಪೂಜೆ ನಡೆಯುತ್ತಿದ್ದಾಗ ನಮ್ಮ ಕಡೆಯ ಇಬ್ಬರು ಮಹನೀಯರು ಹೊರಗೆ ನೆರಳಿನಲ್ಲಿ ನಿಂತು ಇಡೀ ಕ್ರೈಸ್ತಧರ್ಮವನ್ನು ಹತ್ತು ನಿಮಿಷದೊಳಗೆ ವಿಲೇವಾರಿ ಮಾಡಿದರು. ಒಬ್ಬರ ಪ್ರಕಾರ ಅವರಲ್ಲಿ ತತ್ತ್ವಶಾಸ್ತ್ರವೆಂಬುದೇ ಇಲ್ಲ. ಒಂದು ಜನ್ಮ, ಒಂದು ಪುಸ್ತಕ, ಅಲ್ಲಿಗೆ ಮುಗಿಯಿತು. ಇನ್ನೊಬ್ಬರು ಉದಾರಿಗಳು. ಯೇಸು ಒಬ್ಬ ಮಹಾತ್ಮ, ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ ಎಂದು ತೀರ್ಪು ಕೊಟ್ಟು ಗಡಿಯಾರ ನೋಡಿಕೊಂಡರು. ನನ್ನನ್ನು ಹೆಚ್ಚು ರೇಗಿಸಿದ್ದು ಈ ಎರಡನೆಯವರ ಮಾತು. ಮೊದಲನೆಯವರೊಡನೆ ಕನಿಷ್ಠ ಜಗಳವಾಡಬಹುದು. ಎಲ್ಲವೂ ಒಂದೇ ಎನ್ನುವವರೊಡನೆ ಏನು ಮಾತನಾಡುವುದು?

ನಾನು ಕ್ರೈಸ್ತನಲ್ಲ ಎಂಬುದು ನಿಮಗೆಲ್ಲ ಗೊತ್ತಿದೆ. ಚೌತಿಗೂ ದೀಪಾವಳಿಗೂ ಮಾತ್ರ ದೇವರ ಕೋಣೆಯ ಬಾಗಿಲಲ್ಲಿ ನಿಲ್ಲುವ ನನ್ನಂಥವನು ಇನ್ನೊಂದು ಧರ್ಮದ ವಕಾಲತ್ತು ವಹಿಸುವುದು ತಮಾಷೆಯಾಗಿ ಕಾಣಬಹುದು. ಆದರೆ ಕರಾವಳಿಯಲ್ಲಿ ಹುಟ್ಟಿ ಬೆಳೆದ ನಾವು ಅವರ ಶಾಲೆಗಳಲ್ಲಿ ಕಲಿತಿದ್ದೇವೆ, ಅವರ ಆಸ್ಪತ್ರೆಗಳಲ್ಲಿ ಹುಟ್ಟಿದ್ದೇವೆ, ಕ್ರಿಸ್ಮಸ್ಸಿಗೆ ಅವರ ಮನೆಯ ಕುಸ್ವಾರ್ ತಿಂಡಿಗಳನ್ನು ತಿಂದಿದ್ದೇವೆ, ಕಾರ್ಕಳದ ಅತ್ತೂರಿನ ಜಾತ್ರೆಯಲ್ಲಿ ಹರಕೆಯ ಮೇಣದಬತ್ತಿ ಹಚ್ಚಿದ್ದೇವೆ. ಇಷ್ಟೆಲ್ಲ ಆದ ಮೇಲೂ ಪಕ್ಕದ ಮನೆಯವರು ಸಾವಿನ ಬಗ್ಗೆ, ನೋವಿನ ಬಗ್ಗೆ ಏನು ನಂಬುತ್ತಾರೆ ಎಂದು ಒಮ್ಮೆಯೂ ಕೇಳದೆ ಉಳಿದಿರುವುದು ನಮ್ಮ ಸೌಹಾರ್ದದ ಲಕ್ಷಣವೆಂದು ನಾನು ಒಪ್ಪುವುದಿಲ್ಲ. ಗುಡ್ ಫ್ರೈಡೇ ದಿನ ಬೆಳಿಗ್ಗೆ ಆರು ಗಂಟೆಗೇ ಹೂಗುಚ್ಛದ ಚಿತ್ರದೊಡನೆ 'ಹ್ಯಾಪಿ ಗುಡ್ ಫ್ರೈಡೇ' ಎಂದು ವಾಟ್ಸ್ಯಾಪಿನಲ್ಲಿ ಶುಭಾಶಯ ಕಳುಹಿಸುವ ವಿದ್ಯಾವಂತರು ನಮ್ಮಲ್ಲಿ ಎಷ್ಟು ಮಂದಿ ಬೇಕು? ಒಬ್ಬ ಮನುಷ್ಯನನ್ನು ಮೊಳೆ ಹೊಡೆದು ಕೊಂದ ದಿನ ಅದು, ಸ್ವಾಮಿ.

ಈ ಸೌಜನ್ಯದ ಅಜ್ಞಾನಕ್ಕೆ ದೊಡ್ಡವರ ಇತಿಹಾಸವೇ ಇದೆ. ರಾಜಾರಾಮ ಮೋಹನರಾಯರು 1820ರಲ್ಲಿ ಯೇಸುವಿನ ಬೋಧನೆಗಳನ್ನು ಸಂಕಲಿಸಿ ಪ್ರಕಟಿಸಿದಾಗ ಪವಾಡಗಳನ್ನೂ ಸಿದ್ಧಾಂತದ ಭಾಗಗಳನ್ನೂ ಬದಿಗಿಟ್ಟು ನೀತಿಯನ್ನಷ್ಟೇ ಉಳಿಸಿಕೊಂಡರು. ಬಂಗಾಳದ ಶ್ರೀರಾಮಪುರದ ಮಿಷನರಿಗಳು ಸಿಟ್ಟಾದರು, ವರ್ಷಗಟ್ಟಲೆ ವಾದ ನಡೆಯಿತು. ಗಾಂಧೀಜಿಯವರಿಗೆ ಲಂಡನ್ನಿನಲ್ಲಿ ಓದಿದ ಬೈಬಲಿನ ಹಳೆಯ ಒಡಂಬಡಿಕೆ ನಿದ್ದೆ ತರಿಸಿತು, ಯೇಸುವಿನ ನೀತಿಬೋಧನೆಯಾದ ಪರ್ವತ ಪ್ರಸಂಗ ನೇರವಾಗಿ ಹೃದಯಕ್ಕೆ ನಾಟಿತು. ಯೇಸು ಒಬ್ಬನೇ ದೇವರ ಅವತಾರವೆಂಬುದನ್ನು ತಾವು ಒಪ್ಪಲಾರೆವೆಂದು ಅವರು ಸ್ಪಷ್ಟವಾಗಿ ಹೇಳಿಯೂ ಬಿಟ್ಟರು. ಆದರೆ ಇವರಿಬ್ಬರೂ ಓದಿ, ತೂಗಿ, ಬೇಡವಾದದ್ದನ್ನು ಬೇಡವೆಂದವರು. ನಾವು ಅವರ ತೀರ್ಮಾನವನ್ನು ಮಾತ್ರ ಇಟ್ಟುಕೊಂಡು ಓದುವ ಶ್ರಮವನ್ನು ಬಿಟ್ಟೆವು. ಪರಿಣಾಮವಾಗಿ ನಮ್ಮ ಪಾಲಿಗೆ ಉಳಿದ ಯೇಸು, ಇನ್ನೊಂದು ಕೆನ್ನೆ ತೋರಿಸು ಎಂದು ಹೇಳಿದ ಒಬ್ಬ ಸಾತ್ವಿಕ. ಶಿಲುಬೆ ಏಕಿದೆ ಎಂಬ ಪ್ರಶ್ನೆ ನಮಗೆ ಹೊಳೆಯುವುದೇ ಇಲ್ಲ.

ನಮ್ಮವರಲ್ಲೇ ಒಬ್ಬರಿಗೆ ಹೊಳೆದಿತ್ತು. ಮಂಜೇಶ್ವರದ ಗೋವಿಂದ ಪೈಗಳು 'ಗೊಲ್ಗೊಥಾ' ಬರೆಯುವಾಗ ಪರ್ವತ ಪ್ರಸಂಗವನ್ನು ಆರಿಸಿಕೊಳ್ಳಲಿಲ್ಲ. ಯೇಸುವಿನ ಕೊನೆಯ ದಿನವನ್ನು, ಆ ಯಾತನೆಯನ್ನೇ ಕಾವ್ಯಕ್ಕೆ ವಸ್ತುವಾಗಿ ತೆಗೆದುಕೊಂಡರು. ಬುದ್ಧನ ಕೊನೆಯ ದಿನವನ್ನು ಕುರಿತು 'ವೈಶಾಖಿ' ಬರೆದವರೂ ಅವರೇ. ಸಾಯುವ ಹೊತ್ತಿನಲ್ಲಿ ಒಬ್ಬ ಮಹಾಪುರುಷ ಏನಾಗಿರುತ್ತಾನೆ ಎಂದು ಕೇಳಿಕೊಂಡ ಕವಿಗೆ ಎಲ್ಲವೂ ಒಂದೇ ಎಂಬ ಸುಲಭದ ಉತ್ತರ ಸಾಕಾಗಲಿಲ್ಲ. ಒಬ್ಬ ಸಾರಸ್ವತ ಬ್ರಾಹ್ಮಣ ಕನ್ನಡದಲ್ಲಿ ಇದನ್ನು ಮಾಡಿದ್ದಾರೆ, ಮತ್ತು ನಾವು ಅವರನ್ನು ರಾಷ್ಟ್ರಕವಿ ಎಂದು ಹೊಗಳಿ ಕಾವ್ಯವನ್ನು ಕಪಾಟಿಗೆ ಹಾಕಿದ್ದೇವೆ.

ಇನ್ನು ತತ್ತ್ವಶಾಸ್ತ್ರವಿಲ್ಲ ಎಂದವರ ಮಾತಿಗೆ ಬರುತ್ತೇನೆ. ಯೇಸುವಿನ ಜೀವನವನ್ನು ಹೇಳುವ ಬೈಬಲಿನ ಸುವಾರ್ತೆಗಳಲ್ಲಿ ಒಂದಾದ ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಕೇಳುವ ಪ್ರಶ್ನೆ ನಮ್ಮ ಯಾವ ಚಾವಡಿಯಲ್ಲಿ ಬೇಕಾದರೂ ಕೇಳಿಬರಬಹುದಾದದ್ದು: ಇವನು ಹೀಗೆ ಹುಟ್ಟಿದ್ದು ಯಾರ ಪಾಪದಿಂದ, ಇವನದ್ದೋ, ತಂದೆತಾಯಿಯದ್ದೋ? ಇಬ್ಬರದ್ದೂ ಅಲ್ಲ ಎಂದು ಯೇಸು ಹೇಳುತ್ತಾನೆ. ನನ್ನ ತಂಗಿಯ ಮಗ ಕಿವಿ ಕೇಳದೆ ಹುಟ್ಟಿದಾಗ ನಮ್ಮ ಮನೆಗೆ ಬಂದ ಹಿರಿಯರೆಲ್ಲರ ಬಾಯಲ್ಲೂ ಇದೇ ಪ್ರಶ್ನೆಯಿತ್ತು. ಯಾವ ಜನ್ಮದ್ದೋ ಎಂದರು, ನಾಗದೋಷವಿರಬೇಕು ಎಂದರು, ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿ ಎಂದರು. ಇಡಿಸಿದೆವು, ಯಾವುದೋ ತಲೆಮಾರಿನ ತಪ್ಪು ಬೇಗನೆ ಪತ್ತೆಯಾಯಿತು. ಇಷ್ಟು ವರ್ಷ ಇದನ್ನು ಎಲ್ಲಿಯೂ ಬರೆದಿರಲಿಲ್ಲ. ತಂಗಿ ಆ ದಿನಗಳಲ್ಲಿ ಆರೋಪಿಯಂತೆ ಕುಳಿತಿದ್ದಳು. ಇಬ್ಬರದ್ದೂ ಅಲ್ಲ ಎಂಬ ಎರಡು ಪದಗಳನ್ನು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಕರ್ಮಸಿದ್ಧಾಂತವನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಕಾರಣವಿಲ್ಲದೆ ಯಾವ ನೋವೂ ಇಲ್ಲ ಎನ್ನುವ ವಿಚಾರಕ್ಕೆ ಅದರದೇ ಆದ ಘನತೆಯಿದೆ, ನ್ಯಾಯದ ಮೇಲಿನ ಛಲವೂ ಇದೆ. ಯೇಸುವಿನ ಉತ್ತರದ ಮುಂದಿನ ಭಾಗ, ದೇವರ ಕಾರ್ಯಗಳು ಇವನಲ್ಲಿ ತೋರಿಬರಲೆಂದು ಹೀಗಾಯಿತು ಎಂಬುದು, ನನಗೆ ಇಂದಿಗೂ ಗಂಟಲಿನಿಂದ ಇಳಿಯುವುದಿಲ್ಲ. ಅವರಲ್ಲೂ ಹಳೆಯ ಕಾಲದ ಧರ್ಮಪಂಡಿತ ಅಗಸ್ಟೀನನಂಥವರು ಆದಾಮನ ಪಾಪವನ್ನು ಹುಟ್ಟುವ ಕೂಸಿನ ತಲೆಗೇ ಕಟ್ಟಿದರು. ದೇವರ ಚಿತ್ತ ಎಂದು ಹೆಗಲು ತಟ್ಟುವ ಪಾದ್ರಿಗಳನ್ನೂ ನೋಡಿದ್ದೇನೆ. ಆದರೆ ಇವೆಲ್ಲ ಜಗಳವಾಡಲು ಯೋಗ್ಯವಾದ ಸಂಗತಿಗಳು, ಮತ್ತು ಎಲ್ಲ ಒಂದೇ ಎನ್ನುವವರು ನಮ್ಮಿಂದ ಕಿತ್ತುಕೊಳ್ಳುವುದು ಈ ಜಗಳವನ್ನೇ. ಒಂದು ಕಡೆ ನೋವಿಗೆ ಲೆಕ್ಕವಿದೆ. ಇನ್ನೊಂದು ಕಡೆ ಲೆಕ್ಕ ಸಿಗದ ನೋವಿನೊಳಕ್ಕೆ ದೇವರೇ ಇಳಿದು, ನನ್ನನ್ನೇಕೆ ಕೈಬಿಟ್ಟೆ ಎಂದು ಶಿಲುಬೆಯ ಮೇಲಿಂದ ಕೂಗುತ್ತಾನೆ. ಇವೆರಡು ಒಂದೇ ಹೇಗಾದಾವು?

ಈಗ ಮತಾಂತರದ ಮಾತು ಬರುತ್ತದೆ, ನನಗೆ ಗೊತ್ತು. ಮಿಷನರಿಗಳು ಬಂದದ್ದೇ ಅದಕ್ಕಲ್ಲವೇ ಎನ್ನುತ್ತೀರಿ. ಹೌದು, ಅದಕ್ಕೇ ಬಂದರು. ಕಿಟ್ಟೆಲ್ 1853ರಲ್ಲಿ ಇಲ್ಲಿಗೆ ಬಂದದ್ದು ನಿಘಂಟು ಬರೆಯಲು ಅಲ್ಲ. ಆದರೂ 1894ರ ಆ ನಿಘಂಟಿಗೆ ನಾವೆಲ್ಲರೂ ಕೈಮುಗಿಯುತ್ತೇವೆ, ಅದೇ ಮನುಷ್ಯ ಕನ್ನಡದ ಛಂದಸ್ಸಿನಲ್ಲಿ ಕ್ರಿಸ್ತನ ಕಥೆಯನ್ನು 'ಕಥಾಮಾಲೆ' ಎಂದು ಹಾಡಿದ್ದನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಶಾಲೆ ಬೇಕು, ಆಸ್ಪತ್ರೆ ಬೇಕು, ನಿಘಂಟು ಬೇಕು, ಅವರನ್ನು ಇಲ್ಲಿಯವರೆಗೆ ಹೊರಡಿಸಿದ ನಂಬಿಕೆ ಮಾತ್ರ ಬೇಡ. ಬೇಡವಾದರೆ ಬೇಡ, ನನಗೂ ಬೇಕಾಗಿಲ್ಲ. ಸತ್ತವರು ಎದ್ದುಬರುತ್ತಾರೆಂದು ನಾನು ನಂಬುವುದಿಲ್ಲ, ಅವರೊಬ್ಬರದೇ ದಾರಿ ಎಂಬ ಹಟ ಕೇಳಿದರೆ ಈಗಲೂ ಮೈ ಉರಿಯುತ್ತದೆ. ಆದರೆ ಒಂದು ನಂಬಿಕೆಯನ್ನು ಅರ್ಥಮಾಡಿಕೊಂಡರೆ ಎಲ್ಲಿ ಅದಕ್ಕೆ ಸೇರಿಬಿಡುತ್ತೇವೋ ಎಂದು ಹೆದರುವವರಿಗೆ ತಮ್ಮ ಧರ್ಮದ ಮೇಲೆ ಎಷ್ಟು ಭರವಸೆ ಇದೆ ಎಂದು ಕೇಳಬೇಕಾಗುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ವಿದೇಶಿ ಧರ್ಮ ಎನ್ನುವವರಿಗಂತೂ ಉತ್ತರಿಸುವ ಉತ್ಸಾಹವೇ ಉಳಿದಿಲ್ಲ. ಕೇರಳದಲ್ಲಿ ಒಂಬತ್ತನೆಯ ಶತಮಾನದಲ್ಲೇ ಇಗರ್ಜಿಗೆ ತಾಮ್ರಪಟದ ಮೂಲಕ ದತ್ತಿ ಬರೆದುಕೊಟ್ಟ ದಾಖಲೆ ಇದೆ.

ಇತ್ತ ಅವರು ನಮ್ಮನ್ನು ಓದುತ್ತಿದ್ದಾರೆ. ಬೆಂಗಳೂರಿನ ಧರ್ಮಾರಾಮದಲ್ಲಿ ಪಾದ್ರಿಯಾಗಲು ಬಂದ ಹುಡುಗರು ಭಾರತೀಯ ದರ್ಶನಗಳನ್ನು ಪಾಠವಾಗಿ ಕಲಿಯುತ್ತಾರೆ. ನಮ್ಮ ಯಾವ ಮಠದ ಪಾಠಶಾಲೆಯಲ್ಲಿ ಬೈಬಲಿನ ಯೋಬನ ಗ್ರಂಥವನ್ನು ಓದಿಸುತ್ತಾರೆ? ಓದಿಸಿದ್ದರೆ, ನಿರಪರಾಧಿಯೊಬ್ಬ ಬೂದಿಯಲ್ಲಿ ಕುಳಿತು ದೇವರನ್ನೇ ವಿಚಾರಣೆಗೆ ಕರೆಯುವ ಆ ಪುಸ್ತಕ ಎದುರಿಗಿರುವಾಗ ತತ್ತ್ವವಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಸುವಾರ್ತೆಗಳಲ್ಲಿ ಮಾರ್ಕನದು ಎಲ್ಲಕ್ಕಿಂತ ಚಿಕ್ಕದು, ಹದಿನಾರೇ ಅಧ್ಯಾಯ, ಒಂದು ಸಂಜೆಗೆ ಓದಿ ಮುಗಿಸಬಹುದು. ಅದರ ಅತ್ಯಂತ ಹಳೆಯ ಹಸ್ತಪ್ರತಿಗಳು ಖಾಲಿ ಸಮಾಧಿಯನ್ನು ಕಂಡು ನಡುಗಿ ಓಡಿದ ಹೆಂಗಸರು ಭಯದಿಂದ ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೆ ನಿಲ್ಲುತ್ತವೆ. ಅದನ್ನು ಓದಿ ಇದು ಸುಳ್ಳು ಎನ್ನುವವರು, ಇದು ಅಪಾಯಕಾರಿ ಎನ್ನುವವರು, ಇದಕ್ಕಿಂತ ನಮ್ಮ ಕಠೋಪನಿಷತ್ತಿನ ನಚಿಕೇತ ಎಷ್ಟೋ ವಾಸಿ ಎನ್ನುವವರು ದಯವಿಟ್ಟು ಕೆಳಗೆ ಬರೆಯಿರಿ, ರಾತ್ರಿಯಿಡೀ ವಾದಕ್ಕೆ ಕೂರುತ್ತೇನೆ. ಎಲ್ಲ ಧರ್ಮಗಳೂ ಒಂದೇ ಎಂದು ಕೈಮುಗಿದ ಚಿತ್ರ ಹಾಕಿ ಹೋಗುವವರಿಗೆ ನಾನು ಉತ್ತರಿಸುವುದಿಲ್ಲ.