ವಿಳಾಸ ಗೊತ್ತಿದ್ದ ಯುರೇನಿಯಂ

ಯುದ್ಧ ಮಾಡಬೇಕಾದರೆ ಒಂದು ಕಾರಣ ಬೇಕು, ಅಲ್ವಾ? 2003ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ತಮ್ಮ ವಾರ್ಷಿಕ ಭಾಷಣದಲ್ಲಿ ಅಂಥದ್ದೊಂದನ್ನು ಹೇಳಿದರು. ಇರಾಕಿನ ಸರ್ವಾಧಿಕಾರಿ ಸದ್ದಾಂ ಹುಸೇನ್ ಆಫ್ರಿಕಾದಿಂದ ಯುರೇನಿಯಂ ತರಿಸಿಕೊಳ್ಳಲು ನೋಡುತ್ತಿದ್ದನಂತೆ, ಬ್ರಿಟಿಷರಿಗೆ ಗೊತ್ತಾಗಿದೆಯಂತೆ. ಮಾರ್ಚ್ 7ರಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮೊಹಮದ್ ಎಲ್‌ಬರಾದೈ, ಇದಕ್ಕೆ ಪುರಾವೆ ಎಂದು ಆಫ್ರಿಕಾದ ನೈಜರ್ ದೇಶದ ಹೆಸರಿನಲ್ಲಿ ಬಂದ ಕಾಗದಪತ್ರಗಳು ಅಸಲಿ ಅಲ್ಲ ಎಂದು ಭದ್ರತಾ ಮಂಡಳಿಗೆ ತಿಳಿಸಿದರು. ಎರಡು ವಾರದೊಳಗೆ ಯುದ್ಧ ಶುರುವಾಯಿತು. ಕಾರಣ ಸುಳ್ಳು ಅಂತ ಗೊತ್ತಾದ ಮಾತ್ರಕ್ಕೆ ಕಾರ್ಯಕ್ರಮ ರದ್ದು ಮಾಡಲಾಗುತ್ತದೆಯೇ? ಟ್ಯಾಂಕುಗಳು ಆಗಲೇ ಬಂದಿಳಿದಿದ್ದವು.

ತಮಾಷೆ ಏನೆಂದರೆ, ಸದ್ದಾಂನ ದೇಶದಲ್ಲಿ ಯುರೇನಿಯಂ ನಿಜಕ್ಕೂ ಇತ್ತು. ಸುಮಾರು 500 ಟನ್! ಬಾಗ್ದಾದಿನಿಂದ 20 ಕಿಲೋಮೀಟರ್ ಆಚೆ, ತುವೈಥಾ ಎಂಬಲ್ಲಿ. 1981ರಲ್ಲಿ ಇಸ್ರೇಲ್ ಬಾಂಬ್ ಹಾಕಿ ಕೆಡವಿದ ಒಸಿರಾಕ್ ರಿಯಾಕ್ಟರ್ ಇದ್ದದ್ದೂ ಅಲ್ಲೇ. ಇದೇನೂ ಗುಟ್ಟಿನ ಮಾಲಲ್ಲ. ಬಹುಪಾಲು ಯೆಲ್ಲೋಕೇಕ್ ಎನ್ನುವ, ಅದಿರಿನಿಂದ ತೆಗೆದ ಹಳದಿ ಪುಡಿ, ಜೊತೆಗೆ 1.8 ಟನ್‌ನಷ್ಟು ಅಲ್ಪ ಸಂವರ್ಧಿತ ಯುರೇನಿಯಂ. ಎರಡೂ ಇದ್ದ ಹಾಗೇ ಬಾಂಬಿಗೆ ಬರುವಂಥದ್ದಲ್ಲ. ಎಲ್ಲವನ್ನೂ ಅಣುಶಕ್ತಿ ಸಂಸ್ಥೆಯವರು ಲೆಕ್ಕ ಹಾಕಿ, ಸೀಲ್ ಮಾಡಿ, ಪಟ್ಟಿಯನ್ನು ವಿಯೆನ್ನಾದ ತಮ್ಮ ಕಚೇರಿಯಲ್ಲಿ ಇಟ್ಟುಕೊಂಡಿದ್ದರು. ಬಾಂಬ್ ಬೀಳುವ ಮುಂಚೆ ಪರೀಕ್ಷಕರು ದೇಶ ಬಿಟ್ಟು ಹೊರಡಬೇಕಾಯಿತು. ಕಾವಲಿನ ಇರಾಕಿಗಳೂ ಓಡಿಹೋದರು.

ಏಪ್ರಿಲ್‌ನಲ್ಲಿ ಅಮೆರಿಕದ ಮರೀನ್ ಸೈನಿಕರು ಅಲ್ಲಿಗೆ ಬಂದರು. ವಿಕಿರಣ ಅಳೆಯುವ ಯಂತ್ರ ಜೋರಾಗಿ ಬಡಿದುಕೊಂಡಿತು. ಸದ್ದಾಂನ ರಹಸ್ಯ ಅಣು ನೆಲೆ ಸಿಕ್ಕೇಬಿಟ್ಟಿತು ಅಂತ ಸುದ್ದಿಯೂ ಹೊರಟಿತು. ಪರೀಕ್ಷಕರ ಕೆಲಸ ಬಲ್ಲವರು ತಲೆ ಚಚ್ಚಿಕೊಂಡು ಹೇಳಿದ್ದಿಷ್ಟು: ಸ್ವಾಮಿ, ಅದು ವರ್ಷಗಳಿಂದ ಪಟ್ಟಿಯಲ್ಲಿರುವ ಮಾಲು, ನೀವು ಒಡೆದದ್ದು ನಮ್ಮದೇ ಸೀಲ್ ಇರಬಹುದು.

ಸರಿ, ಸಿಕ್ಕಿತಲ್ಲ, ಇನ್ನು ಕಾಯುತ್ತಾರೆ ಅಂದುಕೊಂಡಿರಾ? ಕಾವಲು ಕಾಯಲು ಬೇರೆ ಮುಖ್ಯವಾದದ್ದಿತ್ತು. ಬಾಗ್ದಾದ್ ಲೂಟಿಯಾಗುತ್ತಿದ್ದಾಗ ತೈಲ ಸಚಿವಾಲಯದ ಮುಂದೆ ಮಾತ್ರ ಸೈನಿಕರು ಅಲ್ಲಾಡದೆ ನಿಂತಿದ್ದರು. ಲೂಟಿ ಬಗ್ಗೆ ಕೇಳಿದರೆ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಇದೆಲ್ಲ ಆಗುತ್ತಿರುತ್ತದೆ ಬಿಡಿ ಅನ್ನುವ ಧಾಟಿಯಲ್ಲಿ ಉತ್ತರಿಸಿದರು. ನಾಗರಿಕತೆಯನ್ನೇ ಉಳಿಸಲು ಬಂದವರು ಸಣ್ಣಪುಟ್ಟ ಬೀಗಗಳ ಚಿಂತೆ ಮಾಡಬೇಕೇ?

ಅಕ್ಕಪಕ್ಕದ ಹಳ್ಳಿಯವರಿಗೆ ನೀರು ತುಂಬಿಡಲು ಏನೂ ಇರಲಿಲ್ಲ. ಗೋದಾಮಿನಲ್ಲಿ ಗಟ್ಟಿಮುಟ್ಟಾದ ಪೀಪಾಯಿಗಳಿದ್ದವು. ಒಳಗಿದ್ದ ಪುಡಿಯನ್ನು ನೆಲಕ್ಕೆ ಸುರಿದು ಪೀಪಾಯಿ ಹೊತ್ತುಕೊಂಡು ಹೋದರು. ಅದರಲ್ಲಿ ಕುಡಿಯುವ ನೀರು ತುಂಬಿಸಿದರು, ಹಾಲು ಇಟ್ಟರು, ಬಟ್ಟೆ ಒಗೆದರು. ಅದರಲ್ಲೇನಿತ್ತು ಎಂದು ಅವರಿಗೆ ಹೇಳುವ ಕೆಲಸ ಯಾರದ್ದು ಅಂತ ಯಾರೂ ತೀರ್ಮಾನಿಸಿರಲಿಲ್ಲ. ಆಮೇಲೆ ಸೇನೆಯವರು ತಲಾ 3 ಡಾಲರ್ ಕೊಟ್ಟು ಆ ಪೀಪಾಯಿಗಳನ್ನು ವಾಪಸ್ ಕೊಂಡರು. ಈ ಯುದ್ಧದಲ್ಲಿ ಇಷ್ಟು ಅಗ್ಗವಾಗಿ ಮುಗಿದ ಕೆಲಸ ಬೇರೆ ಇರಲಾರದು.

ಎಲ್‌ಬರಾದೈ ಏಪ್ರಿಲ್‌ನಿಂದಲೇ ಕಾವಲು ಹಾಕಿ ಅಂತ ಗೋಗರೆಯುತ್ತಿದ್ದರು. ಅವರ ತಂಡಕ್ಕೆ ಒಪ್ಪಿಗೆ ಸಿಕ್ಕಿದ್ದು ಜೂನ್‌ನಲ್ಲಿ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಇಲ್ಲಿ ಬಾಗಿಲು ಹಾಕಲು ಬಂದವರಿಗೂ ಷರತ್ತುಗಳಿದ್ದವು. ಗೋದಾಮಿನ ಲೆಕ್ಕ ಮಾತ್ರ ನೋಡಿ, ಹಳ್ಳಿಯವರ ಆರೋಗ್ಯದ ಉಸಾಬರಿ ನಿಮಗೆ ಬೇಡ! ಕನಿಷ್ಠ 10 ಕೆಜಿ ಯುರೇನಿಯಂ ಚೆಲ್ಲಾಪಿಲ್ಲಿಯಾಗಿರಬಹುದು ಎಂದು ಲೆಕ್ಕ ಬಂತು. ಉಳಿದ ಯೆಲ್ಲೋಕೇಕ್ 2008ರಲ್ಲಿ ಸದ್ದಿಲ್ಲದೆ ಕೆನಡಾಕ್ಕೆ ಮಾರಾಟವಾಯಿತು. ಆಗ ಕೆಲವರು ನೋಡಿ, ಸದ್ದಾಂ ಹತ್ತಿರ ಯುರೇನಿಯಂ ಇತ್ತು ಅಂತ ಕುಣಿದಾಡಿದ್ದೂ ಉಂಟು. ಇತ್ತು ಮಹರಾಯ, ಇಲ್ಲ ಅಂದವರು ಯಾರು?

ಇನ್ನು ಹೊಣೆಯ ಮಾತು. ಬಾಗ್ದಾದಿನ ದಕ್ಷಿಣಕ್ಕೆ ಅಲ್ ಕಾಕಾ ಎಂಬ ಇನ್ನೊಂದು ನೆಲೆ. ಅಲ್ಲಿದ್ದ ಸುಮಾರು 340 ಟನ್ ಭಾರಿ ಸ್ಫೋಟಕ ನಾಪತ್ತೆ ಎಂದು 2004ರ ಅಕ್ಟೋಬರ್‌ನಲ್ಲಿ ಬಯಲಾಯಿತು. ಅದರಲ್ಲಿದ್ದ ಎಚ್‌ಎಂಎಕ್ಸ್ ಎಂಬ ಸ್ಫೋಟಕ ಅಣುಬಾಂಬನ್ನು ಸಿಡಿಸಲೂ ಬರುತ್ತದೆ. ಸದ್ದಾಂನೇ ಮೊದಲೇ ಸಾಗಿಸಿರಬಹುದು ಎಂದಿತು ಅಮೆರಿಕ ಸರ್ಕಾರ. ಅಷ್ಟರಲ್ಲಿ ಅಮೆರಿಕದ್ದೇ ಟಿವಿ ತಂಡವೊಂದು ಬಾಗ್ದಾದ್ ಬಿದ್ದ ಮೇಲೆ ಅಲ್ಲಿ ತೆಗೆದ ದೃಶ್ಯ ಹೊರಬಂತು. ಬಂಕರಿಗೆ ಸೀಲ್ ಇತ್ತು, ಒಳಗೆ ಪೀಪಾಯಿಗಳಿದ್ದವು. ಆಗ ಬುಷ್ ಪರ ಪ್ರಚಾರಕ್ಕಿಳಿದಿದ್ದ ನ್ಯೂಯಾರ್ಕಿನ ಮಾಜಿ ಮೇಯರ್ ಜೂಲಿಯಾನಿ ಅಧ್ಯಕ್ಷರನ್ನು ಬಿಡಿಸಿಕೊಂಡ ರೀತಿ ನೋಡಿ. ಹೊಣೆ ಅಲ್ಲಿದ್ದ ಸೈನಿಕರದ್ದಂತೆ, ಅವರು ಸರಿಯಾಗಿ ಹುಡುಕಿದರೋ ಇಲ್ಲವೋ ಅಂತ ಕೇಳಬೇಕಂತೆ. ಅಲ್ಲಿ ಒಂದು ರಾತ್ರಿ ತಂಗಿದ್ದ ಬ್ರಿಗೇಡ್‌ನ ಕಮಾಂಡರ್‌ಗೋ ಆ ಜಾಗದ ಮಹತ್ವವನ್ನು ಯಾರೂ ಹೇಳಿಯೇ ಇರಲಿಲ್ಲ. ಸೈನಿಕನಿಗಿಂತ ಕೆಳಗೆ ಹೊಣೆ ಹೊರಿಸಲು ಉಳಿದಿದ್ದದ್ದು ಬೀಗ ಒಂದೇ. ಅದನ್ನೂ ಯಾರೋ ಒಡೆದಿದ್ದರು.